ಮೈಲಾರಪ್ಪ ತಟ್ಟದೇ ಬಿಟ್ಟ ಕಂಬ

ಹಳೇ ಹುಬ್ಬಳ್ಳಿಯ ಮೈಲಾರಪ್ಪನನ್ನು ಮದುವೆಗೆ ಕರೆಯುವವರು ಎರಡು ಸಲ ವಿಚಾರ ಮಾಡುತ್ತಾರೆ. ಮನುಷ್ಯ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಜಗಳ ತೆಗೆಯುವುದಿಲ್ಲ, ಎಲೆಯಲ್ಲಿ ಒಂದಗುಳು ಬಿಡುವುದಿಲ್ಲ. ತೊಂದರೆ ಇರುವುದು ಅವನ ಅಂಗಿಯ ಕಿಸೆಯಲ್ಲಿ. ಅಲ್ಲಿ ಗೇಣಿಗಿಂತ ಚಿಕ್ಕದಾದ ಒಂದು ಸುತ್ತಿಗೆ ಇರುತ್ತದೆ. ಅಕ್ಷತೆ ಹಾಕಿ ಮುಗಿಯಿತೋ ಇಲ್ಲವೋ, ಕಲ್ಯಾಣಮಂಟಪದ ಯಾವುದಾದರೊಂದು ಕಂಬದ ಹತ್ತಿರ ಹೋಗಿ ಟಕ್ ಟಕ್ ಎಂದು ಬಾರಿಸುತ್ತಾನೆ. ಕಿವಿ ಹಚ್ಚಿ ಕೇಳುತ್ತಾನೆ. ಆಮೇಲೆ ಪಕ್ಕದಲ್ಲಿ ನಿಂತವರಿಗೆ, ಅವರು ಹುಡುಗಿಯ ಸೋದರಮಾವನೇ ಆಗಿರಲಿ, "ಒಳಗ ಕಬ್ಬಣ ಉಬ್ಬೇತ್ರಿ. ಭಾಳಂದ್ರ ಇನ್ನ ಐದು ವರ್ಷ" ಎಂದು ಹೇಳಿ ಊಟಕ್ಕೆ ನಡೆಯುತ್ತಾನೆ. ಸೋದರಮಾವನಿಗೆ ಆ ದಿನದ ಹೋಳಿಗೆ ರುಚಿಸುವುದಿಲ್ಲ.

ಮೂವತ್ತೈದು ವರ್ಷಗಳಿಂದ ಮೈಲಾರಪ್ಪನ ಕಸುಬು ಕಟ್ಟಡಗಳಿಗೆ ಕಬ್ಬಿಣ ಕಟ್ಟುವುದು. ಸರಳು ಕತ್ತರಿಸಿ, ಬಗ್ಗಿಸಿ, ರಿಂಗು ತೊಡಿಸಿ, ತಂತಿಯಿಂದ ಬಿಗಿದು ಪಂಜರ ಮಾಡಿ ನಿಲ್ಲಿಸುತ್ತಾನೆ. ಮರುದಿನ ಯಾರೋ ಬಂದು ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಅಲ್ಲಿಗೆ ಅವನ ಕೆಲಸ ಮನುಷ್ಯರ ಕಣ್ಣಿಗೆ ಇನ್ನೆಂದೂ ಬೀಳದ ಹಾಗೆ ಮುಚ್ಚಿಹೋಗುತ್ತದೆ. ಬಣ್ಣ ಬಳಿದವನನ್ನು ಹೊಗಳುತ್ತಾರೆ, ಬಾಗಿಲು ಕೆತ್ತಿದವನನ್ನು ಹೊಗಳುತ್ತಾರೆ, ಕಬ್ಬಿಣ ಕಟ್ಟಿದವನ ನೆನಪು ಬರುವುದು ಮನೆ ಬಿದ್ದ ದಿನ. ಇಂಥ ಕಸುಬಿನವನು ತನ್ನ ಹೊಗಳಿಕೆಯನ್ನು ತಾನೇ ಮಾಡಿಕೊಳ್ಳಬೇಕಾಗುತ್ತದೆ. ಮೈಲಾರಪ್ಪ ಅದರಲ್ಲಿ ಹಿಂದೆ ಬಿದ್ದವನಲ್ಲ.

ಅವನ ಸಿದ್ಧಾಂತ ಚಿಕ್ಕದು. ಸುತ್ತಲೂ ಸಿಮೆಂಟು ಮುಚ್ಚಿಕೊಂಡಿರುವ ತನಕ ಕಬ್ಬಿಣಕ್ಕೆ ಸಾವಿಲ್ಲ. ಆ ಹೊದಿಕೆ ತೆಳುವಾಯಿತೋ, ಅದರೊಳಗೆ ಸೇರಬಾರದ್ದು ಏನಾದರೂ ಸೇರಿತೋ, ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಸವೆಯುವುದಷ್ಟೇ ಅಲ್ಲ, ಮೊದಲು ಉಬ್ಬುತ್ತದೆ. ಉಬ್ಬಿ, ತನ್ನನ್ನು ಕಾಯುತ್ತಿದ್ದ ಕಾಂಕ್ರೀಟನ್ನೇ ಒಡೆದು ಆಚೆ ತಳ್ಳುತ್ತದೆ. ಆದ್ದರಿಂದ ಪಾಯಕ್ಕೆ ಮೂರು ಬೆರಳು, ಕಂಬಕ್ಕೆ ಎರಡು ಬೆರಳು, ಸ್ಲ್ಯಾಬಿಗೆ ಒಂದು ಬೆರಳು ಹೊದಿಕೆ ಇರಲೇಬೇಕು. ಈ ಅಂತರ ತಪ್ಪದಂತೆ ಸರಳಿಗೆ ಕಟ್ಟುವ ಸಿಮೆಂಟಿನ ಪುಟ್ಟ ತುಂಡುಗಳಿಗೆ ಕವರ್ ಬ್ಲಾಕ್ ಎನ್ನುತ್ತಾರೆ. ನೋಡಲು ಬರ್ಫಿಯ ಹಾಗೆ, ನೆತ್ತಿಯ ಮೇಲೆ ಎರಡೆಳೆ ತಂತಿ. ಉಳಿದ ಮೇಸ್ತ್ರಿಗಳು ಖಡಿಯ ಚೂರನ್ನೋ ಒಡೆದ ಫರಸಿಯನ್ನೋ ತುರುಕಿ ಕೈ ಜಾಡಿಸಿಕೊಳ್ಳುತ್ತಾರೆ. ಮೈಲಾರಪ್ಪನಿಗೆ ಅದು ನಡೆಯುವುದಿಲ್ಲ. ಅವನ ಬ್ಲಾಕು ಅವನ ಮನೆಯಲ್ಲೇ ಆಗಬೇಕು. ಅವನ ತಾಯಿ ದುರಗವ್ವ ಅಂಗಳದಲ್ಲಿ ಕೂತು ಸಿಮೆಂಟು, ಉಸುಕು ಕಲಸಿ, ಹಲಗೆಯ ಮೇಲೆ ತಟ್ಟಿ, ವಡಿ ಕೊಯ್ದಂತೆ ಕೊಯ್ದು ತಂತಿ ಚುಚ್ಚುತ್ತಾಳೆ. ಹೆಂಡತಿ ಸುಮಲತಾ ಅವನ್ನು ಎತ್ತಿ ನೀರಿಗೆ ಹಾಕುತ್ತಾಳೆ.

ನೀರಿಗೆ ಎಂದರೆ ಮನೆಯ ಬ್ಯಾರಲ್ಲಿಗೆ. ಆ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತದೆ. ಬೋರಿನ ನೀರು ಸವಳು; ಅದು ಕಬ್ಬಿಣಕ್ಕೆ ಒಗ್ಗುವುದಿಲ್ಲವೆಂದು ಮೈಲಾರಪ್ಪನ ಹಟ. ಹೀಗಾಗಿ ಮನೆಯ ಮೂರು ಬ್ಯಾರಲ್ಲುಗಳಲ್ಲಿ ಒಂದರಲ್ಲಿ ಯಾವಾಗಲೂ ಬ್ಲಾಕುಗಳೇ ಮುಳುಗಿರುತ್ತವೆ.

"ನಿಮ್ಮ ಬ್ಲಾಕು ಹದಿನೈದು ದಿನ ಜಳಕಾ ಮಾಡತಾವು. ನಾವು ಮುಖಾ ತೊಳ್ಕೊಂಡು ಸುಮ್ನಿರಬೇಕು," ಎಂದು ಸುಮಲತಾ ನಳ ತಪ್ಪಿದ ಪ್ರತಿ ವಾರವೂ ಹೇಳುತ್ತಾಳೆ.

"ನಿನಗ ತುಕ್ಕು ಹಿಡಿಯಂಗಿಲ್ಲ," ಎನ್ನುತ್ತಾನೆ ಮೈಲಾರಪ್ಪ. ಅವನ ಬಾಯಿಂದ ಹೆಂಡತಿಗೆ ಸಿಕ್ಕ ದೊಡ್ಡ ಮೆಚ್ಚುಗೆ ಅದು.

ಈ ಮೈಲಾರಪ್ಪ ಕಳೆದ ಮಾಗಿಯಲ್ಲಿ ಶಿವಯೋಗೀಶ ಸಾಹುಕಾರರ ಮನೆ ಕೆಲಸ ಹಿಡಿದ. ಶಿವಯೋಗೀಶರದು ದುರ್ಗದಬೈಲಿನ ಹತ್ತಿರ ಹತ್ತಿಕಾಳು, ಶೇಂಗಾದ ವ್ಯಾಪಾರ. ಮೂರು ಸಂಘಗಳಿಗೆ ಉಪಾಧ್ಯಕ್ಷರು. ಅಧ್ಯಕ್ಷರು ಮಾತಾಡಿ ಬಿಟ್ಟದ್ದನ್ನು ಮಾತಾಡುವ ರೂಢಿಯಾಗಿ, ಅಧ್ಯಕ್ಷರು ಇಲ್ಲದ ಕಡೆಯಲ್ಲೂ ಕೊನೆಗೆ ಎದ್ದು ನಿಂತು ಸಮಾರೋಪ ಮಾಡುತ್ತಾರೆ. ನವನಗರದ ಆಚೆಯ ಹೊಸ ಬಡಾವಣೆಯಲ್ಲಿ ಅವರ ಮನೆ ಏಳುತ್ತಿತ್ತು. ಹದಿನಾರು ಕುಣಿ ತೋಡಿ, ಹದಿನಾರು ಪಂಜರ ನಿಲ್ಲಿಸಿ, ಎಲ್ಲಕ್ಕೂ ಮೂರು ಬೆರಳಿನ ಬ್ಲಾಕು ಬಿಗಿದಾಗಿತ್ತು. ನಾಡಿದ್ದು ಕಾಂಕ್ರೀಟ್ ಹಾಕುವುದೆಂದು ನಿಶ್ಚಯವಾಗಿತ್ತು.

ಹೀಗೆ ಕಾಂಕ್ರೀಟಿಗೆ ಎರಡು ದಿನ ಇರುವಾಗ, ಮುಂಜಾನೆ ಸಾಹುಕಾರರ ತಾಯಿ ಶರಣವ್ವ ಮಗನ ಜೊತೆ ಕಾರಿನಿಂದ ಇಳಿದರು. ಎಪ್ಪತ್ತೈದು ದಾಟಿದ ಗಟ್ಟಿ ಜೀವ. ಹಿಂದಿನಿಂದ ಡ್ರೈವರ್ ಒಂದು ಚೀಲ ಹೊತ್ತು ತಂದ. ಶರಣವ್ವ ಮೊದಲ ಕುಣಿಯ ದಂಡೆಗೆ ನಿಂತು ಚೀಲದೊಳಗೆ ಕೈ ಹಾಕಿ ಬೊಗಸೆ ತುಂಬಿಕೊಂಡರು.

"ಅವ್ವಾರ, ಅದೇನ್ರಿ?" ಎಂದು ಮೈಲಾರಪ್ಪ ಓಡಿ ಬಂದ.

"ಉಪ್ಪು. ಯಾಕ, ಉಪ್ಪು ಕಂಡಿಲ್ಲೇನು?"

"ಕಂಡೇನ್ರಿ. ಕುಣ್ಯಾಗ ಯಾಕ ಅಂತ ಕೇಳಾಕತ್ತೇನಿ."

"ಕೆಟ್ಟ ಕಣ್ಣಿಗೆ. ಒಂದೊಂದು ಕುಣಿಗೆ ಎರಡೆರಡು ಬೊಗಸಿ ಹರಳುಪ್ಪು. ನಮ್ಮತ್ತಿ ಹಾಕಿದ್ರು, ಅವರತ್ತಿ ಹಾಕಿದ್ರು."

"ಅವರ ಕಾಲದಾಗ ಕಟಗಿ ಕಂಬ ಇದ್ವು. ಕಟಗಿ ಉಪ್ಪು ತಿಂದು ತಡಕೋತೈತ್ರಿ. ಕಬ್ಬಣ ತಡಕೊಳ್ಳಂಗಿಲ್ಲ."

ಅಲ್ಲಿಂದ ಮೈಲಾರಪ್ಪನ ಮಾತು ಕಾರವಾರಕ್ಕೆ ಹೋಯಿತು. ಹರೆಯದಲ್ಲಿ ಎರಡು ವರ್ಷ ಅವನು ಅಲ್ಲಿ ಕೆಲಸ ಮಾಡಿದ್ದ. ಅವನಿಗೆ ಕಸುಬು ಕಲಿಸಿದ ಅಮೀನಸಾಬ ಒಂದು ದಿನ ಕಡಲ ದಂಡೆಯ ಹಾಳು ಮನೆಯೊಂದಕ್ಕೆ ಕರೆದೊಯ್ದಿದ್ದ. ಕಡಲಿನ ಉಪ್ಪು ಉಸುಕಿನಲ್ಲಿ ಕಟ್ಟಿದ ಮನೆ ಅದು. ಅಮೀನಸಾಬ ಅದರ ತೊಲೆಯೊಳಗೆ ಬೆರಳು ಹಾಕಿ ಕಬ್ಬಿಣವನ್ನು ಹಪ್ಪಳದಂತೆ ಪದರು ಪದರಾಗಿ ಕಿತ್ತು ಇವನ ಅಂಗೈಗೆ ಇಟ್ಟಿದ್ದ. ಈ ಕಥೆಯನ್ನು ಮೈಲಾರಪ್ಪ ಹುಬ್ಬಳ್ಳಿ-ಧಾರವಾಡದ ಎಲ್ಲ ಕಟ್ಟಡಗಳಲ್ಲಿ ಹೇಳಿದ್ದಾನೆ. ಈಗಲೂ ಪೂರ್ತಿ ಹೇಳಿದ. ಹಪ್ಪಳದ ಭಾಗ ಬಂದಾಗ ಅಂಗೈಯನ್ನೂ ಚಾಚಿದ.

ಶರಣವ್ವ ಆ ಅಂಗೈ ನೋಡಲಿಲ್ಲ. "ಈ ಕತಿ ಹೋದ ವಾರನೂ ಹೇಳಿದ್ದಿ. ಕಾರವಾರ ಇರಲಿ. ನಿನ್ನ ಮನಿ ಹೆಂಗೈತಿ, ಅದನ್ನ ಹೇಳು."

ಇಂಥ ಪ್ರಶ್ನೆಗೆ ಮೈಲಾರಪ್ಪ ವರ್ಷಗಟ್ಟಲೆ ಕಾದಿದ್ದ.

"ಬರ್ರಿ, ನೋಡ್ರಿ. ನಾಳಿ ಮುಂಜಾನಿ ನಮ್ಮ ಮನಿಗೇ ಚಾಕ್ಕ ಬರ್ರಿ. ಕಟ್ಟಿಸಿ ಇಪ್ಪತ್ತೆರಡು ವರ್ಷಾತು. ನನ್ನ ಕೈಲೇ ಕಟ್ಟಿದ ಕಬ್ಬಣ, ಒಂದ್ ಹರಳು ಉಪ್ಪು ಬಿದ್ದಿಲ್ಲ. ಕೂದಲೆಳಿಯಷ್ಟು ಬಿರುಕು ತೋರಸ್ರಿ, ಈ ಹದಿನಾರೂ ಕುಣ್ಯಾಗ ನಾನ ಉಪ್ಪು ಸುರೀತೇನಿ."

"ಮಾತಿಗೆ ತಪ್ಪಬ್ಯಾಡ ಮತ್ತ."

ಶಿವಯೋಗೀಶರು ಇಷ್ಟು ಹೊತ್ತು ಮರಳಿನ ಗುಡ್ಡೆಯ ಪಕ್ಕ ಸುಮ್ಮನೆ ನಿಂತಿದ್ದರು. ತಾಯಿಯ ಎದುರು ಅವರು ಯಾವ ಸಂಘಕ್ಕೂ ಏನೂ ಅಲ್ಲ. ಆದರೆ ನಿರ್ಣಯವೊಂದು ಆಗಿಹೋದಾಗ ಅದನ್ನು ಘೋಷಿಸದೆ ಬಿಡುವುದು ಅವರಿಂದಾಗುವುದಿಲ್ಲ. "ಹಂಗಾದ್ರ ಠರಾವು ಪಾಸ್ ಆತು. ಬಿರುಕು ಇದ್ರ ಉಪ್ಪು, ಇಲ್ಲಂದ್ರ ಇಲ್ಲ," ಎಂದು ಉಪ್ಪಿನ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಇಡಿಸಿದರು.

ಸಂಜೆ ಐದಕ್ಕೆ ಮೈಲಾರಪ್ಪ ಗೆದ್ದವನ ನಡಿಗೆಯಲ್ಲಿ ಮನೆಗೆ ಬಂದ. ಸುಮಲತಾಗೆ ಚಹದ ಪುಡಿ, ಸಕ್ಕರೆ ತರಲು ಹೇಳಿದ. ಮುಂದಿನ ಪಡಸಾಲೆಯಲ್ಲಿ ಗುಡ್ಡೆಯಾಗಿದ್ದ ತಂತಿಯ ಸುರುಳಿ, ಹಳೆಯ ಚೀಲ, ಮುರಿದ ಹಲಗೆಗಳನ್ನು ಹಿತ್ತಲಿಗೆ ಸಾಗಿಸಿದ. ಓಣಿಗೆ ಮುಖಮಾಡಿದ ಎರಡು ಕಂಬಗಳಲ್ಲಿ ಬಲಗಡೆಯದರ ಬುಡ ಒಂದು ವರ್ಷದ ಮೇಲೆ ಬೆಳಕು ಕಂಡಿತು. ಬುಡದಿಂದ ಮೊಳದೆತ್ತರಕ್ಕೆ ನೆಟ್ಟಗೆ ಒಂದು ಗೆರೆ ಎದ್ದಿತ್ತು. ಗೆರೆಯ ಎರಡೂ ಕಡೆ ಕಂದು ಕಲೆ.

ಮೈಲಾರಪ್ಪ ಕಿಸೆಗೆ ಕೈ ಹಾಕಿದ. ಊರಿನಲ್ಲಿ ಅವನು ತಟ್ಟದ ಕಂಬ ಉಳಿದಿರಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ ತಡವಾದರೆ ಅಲ್ಲಿಯ ಕಂಬಗಳನ್ನೂ ಬಿಟ್ಟವನಲ್ಲ. ತನ್ನ ಮನೆಯದನ್ನು ಮಾತ್ರ ಒಮ್ಮೆಯೂ ತಟ್ಟಿರಲಿಲ್ಲ. ತಾನೇ ಕಟ್ಟಿದ್ದನ್ನು ತಟ್ಟುವುದೇನು? ಈಗ ತಟ್ಟಿದ. ಟಕ್ ಎನ್ನಲಿಲ್ಲ. ಒಡೆದ ಗಡಿಗೆಯ ಹಾಗೆ ಡಬ್ ಎಂದಿತು.

"ಈ ಕಲಿ ಯಾವಾಗಿಂದ ಐತಿ?" ಎಂದು ಒಳಗೆ ಕೂಗಿದ.

ಸುಮಲತಾ ಬಾಗಿಲಿಗೆ ಬಂದಳು. "ಅದಾ? ಹೋದ ವರ್ಷದಿಂದ. ನಿಮ್ಮ ಗೆಳ್ಯಾರು ಎಲಿ-ಅಡಿಕಿ ಹಾಕ್ಕೊಂಡು ಉಗುಳ್ಯಾರ ಅಂತ ತಿಕ್ಕಿ ತಿಕ್ಕಿ ಸಾಕಾತು. ಅದಕ್ಕ ಅಲ್ಲೆ ಚೀಲಾ ಒಟ್ಟಿದ್ದೆ."

ನಾಳೆ ಮುಂಜಾನೆ ಎಂಟಕ್ಕೆ ಶರಣವ್ವ ಬರುವವರಿದ್ದರು. ಕೂದಲೆಳೆ ಎಂದು ತಾನೇ ಹೇಳಿದ್ದ. ಇಲ್ಲಿ ಗೆರೆಯೊಳಗೆ ಉಗುರು ಹೋಗುತ್ತಿತ್ತು. ನಾಡಿದ್ದು ಹದಿನಾರು ಕುಣಿಗೆ, ತಾನು ಬ್ಲಾಕು ಬಿಗಿದ ಹದಿನಾರು ಪಂಜರಗಳ ಮೇಲೆ, ತನ್ನ ಕೈಯಿಂದಲೇ ಉಪ್ಪು. ಹಾಕದಿದ್ದರೆ ಮಾತಿಗೆ ತಪ್ಪಿದವನು, ಹಾಕಿದರೆ ಕಸುಬಿಗೆ ತಪ್ಪಿದವನು.

ಹತ್ತು ನಿಮಿಷ ಅವನು ಕಂಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಕಬ್ಬಿಣದ ಬುಟ್ಟಿಯಲ್ಲಿ ಎರಡು ಹಿಡಿ ಸಿಮೆಂಟು, ನಾಲ್ಕು ಹಿಡಿ ಉಸುಕು ಹಾಕಿ ನೀರು ಬೆರೆಸಿದ. ಬಿರುಕಿನ ಮೇಲೆ ಗಾರೆಯ ಒಂದು ಗಿಲಾಯಿ ಎಳೆದು, ಬೆಳಗಾಗುವುದರೊಳಗೆ ಸುಣ್ಣ ಬಳಿದರೆ ದೇವರಿಗೂ ಗೊತ್ತಾಗುವುದಿಲ್ಲ. ಹೀಗೆ ಮಾಡುವವರಿಗೆ ಅವನು ಊರ ತುಂಬ ಬಯ್ದಿದ್ದ. 'ತುಕ್ಕಿನ ಮ್ಯಾಲೆ ಗಿಲಾಯಿ ಅಂದ್ರ ಹುಣ್ಣಿನ ಮ್ಯಾಲೆ ಪೌಡರ್' ಎಂಬುದು ಅವನದೇ ಮಾತು, ಅವನಿಗೆ ಬಹಳ ಇಷ್ಟವಾದದ್ದು.

ಬುಟ್ಟಿ ಹಿಡಿದು ಮುಂದೆ ಬಂದಾಗ ದುರಗವ್ವ ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದಳು.

"ಏನಾತೋ?"

"ಕಂಬ ಉಬ್ಬೇತಿ, ಯವ್ವಾ. ಯಾಕ ಅಂತ ತಿಳೀವಲ್ದು. ನೀರು ನಳದ್ದು, ಉಸುಕು ಹೊಳೀದು, ಎರಡು ಬೆರಳು ಬ್ಲಾಕು. ಎಡಗಡಿ ಕಂಬಾ ನೋಡು, ಕಲ್ಲಿದ್ದಂಗ ಐತಿ."

ದುರಗವ್ವ ಕತ್ತು ಮುಂದೆ ಮಾಡಿ ನೋಡಿದಳು. "ಬಲಗಡೀದು? ಇದಕ್ಕ ನಾ ಉಪ್ಪು ಹಾಕಿದ್ನಲ್ಲೋ."

"ಯಾವಾಗ?" ಎಂದ ಮೈಲಾರಪ್ಪ, ಬುಟ್ಟಿ ಹಿಡಿದೇ.

"ಕಾಂಕ್ರೀಟ್ ಹಾಕೂ ದಿನ. ನೀ ಚಾ ಕುಡ್ಯಾಕ ಹೋಗಿದ್ದಿ," ಎಂದು ದುರಗವ್ವ ನಿನ್ನೆಯ ಸಂತೆಯ ಸುದ್ದಿ ಹೇಳಿದಂತೆ ಹೇಳಿದಳು. "ಓಣ್ಯಾಗ ಮೊದಲನೇ ಆರ್‌ಸಿಸಿ ಮನಿ ನಮ್ಮದು. ಬಂದವರ ಕಣ್ಣೆಲ್ಲಾ ಈ ಕಂಬದ ಮ್ಯಾಲೇ. ಒಂದ್ ಪಡಿ ಹರಳುಪ್ಪು ಬುಡಕ್ಕ ಹಾಕಿ ಬಂದೆ. ಎಡಗಡೀದಕ್ಕ ಸಾಲಲಿಲ್ಲ."

"ಉಪ್ಪು ಹಾಕಿದ್ರ ಕಬ್ಬಣ ಕೊಳೀತೈತಿ ಅಂತ ಗೊತ್ತಿಲ್ಲೇನು ನಿನಗ? ಊರಿಗೆಲ್ಲಾ ಗೊತ್ತೈತಿ!"

"ಊರಿಗೆ ನೀ ಹೇಳೀದಿ. ನನಗ ಯಾವಾಗ ಹೇಳಿದ್ದಿ?"

ಮೈಲಾರಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಅವನ ಮಾತೆಲ್ಲ ಹೊರಗೇ ಖರ್ಚಾಗಿ, ಮನೆಗೆ ಬರುವಾಗ 'ಉಣ್ಣಾಕ ಕೊಡು' ಎನ್ನುವಷ್ಟು ಮಾತ್ರ ಉಳಿದಿರುತ್ತಿತ್ತು.

"ಈ ಬ್ಲಾಕು ಮಾಡು ಅಂದಿ, ಮಾಡೀನಿ. ಇಪ್ಪತ್ತೈದು ವರ್ಷಾತು ಕೈ ಸುಟಗೊಂಡು ಮಾಡಾಕತ್ತೇನಿ. ಇವನ್ನ ಎಲ್ಲೆ ಇಡತಾರ, ಯಾಕ ಇಡತಾರ, ಒಂದ್ ದಿನ ಹೇಳೀಯೇನು? ನಾ ಅಂತೂ ಯಾವ್ದೋ ದೇವರ ಹರಕಿ ಇರಬೇಕು ಅಂದ್ಕೊಂಡಿದ್ದೆ."

ಸುಮಲತಾ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡಳು. ಮೈಲಾರಪ್ಪನಿಗೆ ಅದು ನಗುವೆಂದು ಗೊತ್ತಾಯಿತು. ಅವನು ಬುಟ್ಟಿಯನ್ನು ಕೆಳಗಿಟ್ಟು ತಾಯಿಯ ಪಕ್ಕ ಕಟ್ಟೆಯ ಮೇಲೆ ಕೂತ. ಒಂದು ಬ್ಲಾಕು ಎತ್ತಿಕೊಂಡು, ಮೊದಲ ಸಲ, ಕಾರವಾರದ ಕಥೆಯನ್ನು ಅಂಗೈ ಚಾಚದೆ ಹೇಳಿದ. ದುರಗವ್ವ ನಡುವೆ ನಡುವೆ ಪ್ರಶ್ನೆ ಹಾಕಿದಳು. ಊರಿನಲ್ಲಿ ಯಾರೂ ಅವನಿಗೆ ಪ್ರಶ್ನೆ ಹಾಕಿರಲಿಲ್ಲ. ಕಥೆ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿನ ಸಿಮೆಂಟು ಗಟ್ಟಿಯಾಗುತ್ತ ಬಂದಿತ್ತು.

ಮರುದಿನ ಎಂಟಕ್ಕೆ ಸರಿಯಾಗಿ ಕಾರು ಓಣಿಯ ಬಾಯಲ್ಲಿ ನಿಂತಿತು. ಒಳಗೆ ಹಿಡಿಯುವ ಓಣಿಯಲ್ಲ. ಶರಣವ್ವ ಮುಂದೆ, ಶಿವಯೋಗೀಶರು ಹಿಂದೆ ನಡೆದು ಬಂದರು. ಅವರ ಹಿಂದೆ ಓಣಿಯ ಅರ್ಧ ಜನ. ಮೈಲಾರಪ್ಪ ಕಂಬಕ್ಕೆ ಅಡ್ಡ ನಿಲ್ಲಲಿಲ್ಲ. ಮೇಲಿನ ತೊಲೆಗೆ ಆಸರೆಯಾಗಿ ಎರಡು ಕಬ್ಬಿಣದ ಜಾಕು ಆನಿಸಿ, ಚಾಣ ಹಿಡಿದು ನಿಂತಿದ್ದ.

ಶರಣವ್ವನ ಕಣ್ಣು ನೇರವಾಗಿ ಗೆರೆಯ ಮೇಲೆ ಬಿತ್ತು. "ಇದೇನ ಕೂದಲೆಳಿ? ಬಾಚಣಿಗಿ ಹಿಡಸತೈತಿ."

"ಹೌದ್ರಿ ಅವ್ವಾರ. ಬಿರುಕೈತಿ."

"ಮತ್ತ ನಿನ್ನ ಮಾತು?"

ಮೈಲಾರಪ್ಪ ಚಾಣ ಇಟ್ಟು ಒಂದೇಟು ಹಾಕಿದ. ಹೊದಿಕೆ ಅಂಗೈಯಗಲ ಕಿತ್ತು ಬಿತ್ತು. ಒಳಗಿನ ರಿಂಗು ನೂಲಿನಷ್ಟು ಸವೆದಿತ್ತು; ಉದ್ದ ಸರಳಿನ ಮೈಯಿಂದ ತುಕ್ಕು ಪದರು ಪದರಾಗಿ ಉದುರಿತು. ಓಣಿಯ ಜನ "ಅಯ್ಯೋ" ಎಂದರು. ಇಪ್ಪತ್ತೆರಡು ವರ್ಷ ಇವನ ಉಪದೇಶ ಕೇಳಿದವರಿಗೆ ಆ "ಅಯ್ಯೋ" ಎನ್ನುವಾಗ ಸ್ವಲ್ಪ ಸುಖವೂ ಆಗಿರಬೇಕು.

"ಉಪ್ಪು ಹಾಕದ ಮನಿ ಹಿಂಗಾತು ನೋಡ," ಎಂದರು ಶರಣವ್ವ.

"ಹಾಕದೇ ಅಲ್ರಿ ಯವ್ವಾ, ಹಾಕೇ ಹಿಂಗಾತು." ದುರಗವ್ವ ಕಟ್ಟೆಯಿಂದ ಇಳಿದು ಬಂದಳು. "ನಾನ ಹಾಕಿದ್ದು. ಇವಗ ಹೇಳದೇ ಹಾಕಿದ್ದೆ. ಈ ಕಡೆ ಕಂಬಕ್ಕ ಹಾಕಿಲ್ಲ, ಮುಟ್ಟಿ ನೋಡ್ರಿ."

ಮೈಲಾರಪ್ಪ ವಿವರಿಸಲು ಗಂಟಲು ಸರಿಮಾಡಿಕೊಂಡ. ದುರಗವ್ವ ಅವನ ಕಡೆ ನೋಡಲೇ ಇಲ್ಲ.

"ಕಬ್ಬಣ ಅಂದ್ರ ಕೂಸು ಇದ್ದಂಗ್ರಿ. ಸಿಮೆಂಟು ಕೌದಿ. ಕೌದಿ ಸರಿಯಾಗಿ ಹೊಚ್ಚಿದ್ರ ಕೂಸು ನೂರು ವರ್ಷ ನಿದ್ದಿ ಮಾಡತೈತಿ. ಈ ಬ್ಲಾಕು ಅದಾವಲ್ರಿ, ಕೂಸು ಹೊಳ್ಳ್ಯಾಡಿ ಕೌದಿ ಹೊರಗ ಬರಬಾರ್ದು ಅಂತ ತಡೀ ಕೊಟ್ಟಿದ್ದು. ನಾ ಏನ್ ಮಾಡಿದೆ? ಕೌದಿಯೊಳಗ ಇರುವಿ ಬಿಟ್ಟು ಹೊಲದೆ."

ಶರಣವ್ವ ಬಾಗಿ, ಬಿದ್ದ ರಿಂಗಿನ ತುಂಡನ್ನು ಎತ್ತಿಕೊಂಡರು. ಎರಡು ಬೆರಳಲ್ಲಿ ಒತ್ತಿದರು. ಪುಡಿಯಾಯಿತು. ಬೆರಳು ಮೂಸಿ ನೋಡಿದರು. ತಾವೂ ಕೌದಿ ಹೊಲಿದವರೇ.

"ನಾನೂ ನನ್ನ ಮಗಾನೂ ನಿನ್ನ ಮಗನ ಕಡಿಂದ ಇಷ್ಟು ದಿವಸ ಕೇಳಿದ್ವಿ. ಒಂದೂ ತಲಿಗೆ ಹೋಗಿರಲಿಲ್ಲ," ಎಂದು ದುರಗವ್ವನಿಗೆ ಹೇಳಿ, ಮೈಲಾರಪ್ಪನ ಕಡೆ ತಿರುಗಿದರು. "ಮಾತು ಕೊಟ್ಟಾಂವ ನೀನು. ಬಿರುಕಂತೂ ಐತಿ. ನೀ ಸುರೀತೀಯೇನು?"

"ಮಾತಿಗೆ ತಪ್ಪತೇನ್ರಿ ಅವ್ವಾರ. ಸುರಿಯಂಗಿಲ್ಲ. ಬೇಕಂದ್ರ ಕೆಲಸ ಬಿಡತೇನಿ."

ಮೈಲಾರಪ್ಪ ಇಷ್ಟು ಚಿಕ್ಕ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬಿಡಬ್ಯಾಡ," ಎಂದರು ಶರಣವ್ವ. "ಚಾ ತಗೊಂಡ ಬಾ."

ಶಿವಯೋಗೀಶರು ಶಾಲು ಸರಿಪಡಿಸಿಕೊಂಡು, "ಹಂಗಾದ್ರ ನಿನ್ನೇದು ಠರಾವು ರದ್ದು," ಎಂದು ಸಮಾರೋಪ ಮಾಡಿದರು.

ಕಾಂಕ್ರೀಟಿನ ದಿನ ಶರಣವ್ವ ಉಪ್ಪು ತಂದೇ ತಂದರು. ಅತ್ತೆಯ ಕಾಲದ ಪದ್ಧತಿಯನ್ನು ಪೂರ್ತಿ ಬಿಡುವುದಕ್ಕೆ ಆಗುವುದಿಲ್ಲ. ಮನೆಗೆ ಮೂರು ಸುತ್ತು ನಿವಾಳಿಸಿ, ಕುಣಿಗೆ ಹಾಕದೆ ರಸ್ತೆಯಾಚೆ ಎಸೆದರು. ರಸ್ತೆಯಾಚೆ ಕುಮಾರಸ್ವಾಮಿ ಎಂಬುವವರ ಖಾಲಿ ಜಾಗ. ಅವರೂ ಮನೆ ಕಟ್ಟಿಸಲು ನಿನ್ನೆಯಷ್ಟೇ ಎರಡು ಟನ್ ಕಬ್ಬಿಣ ಇಳಿಸಿದ್ದರು. ಇತ್ತ ಮಿಕ್ಸರ್ ತಿರುಗುತ್ತಿರುವಾಗ ಅತ್ತ ಮೈಲಾರಪ್ಪ ಪೊರಕೆ ಹಿಡಿದು ಇನ್ನೊಬ್ಬರ ಕಬ್ಬಿಣ ಗುಡಿಸುತ್ತಿದ್ದ. ಕುಮಾರಸ್ವಾಮಿ ಬಂದು "ಏನ್ ನಡಸೀರಿ?" ಎಂದು ಕೇಳಿದರು. ಅವನು ಕಾರವಾರ ತೆಗೆಯಲಿಲ್ಲ. "ಕೂಸಿನ ಮೈಮ್ಯಾಲೆ ಇರುವಿ ಬಿದ್ದಿದ್ವು," ಎಂದ. ಅವರಿಗೆ ಏನೂ ತಿಳಿಯಲಿಲ್ಲ, ಆದರೆ ಕಬ್ಬಿಣ ತೊಳೆಯಲು ಒಂದು ಕೊಡ ಸಿಹಿನೀರು ಕೊಟ್ಟರು.

ತನ್ನ ಮನೆಯ ಕಂಬದ ಸರದಿ ಬಂದದ್ದು ತಿಂಗಳ ಮೇಲೆ. ಉಪ್ಪಿನ ಕಾಂಕ್ರೀಟನ್ನೆಲ್ಲ ಗಟ್ಟಿ ಸಿಗುವ ತನಕ ಕೆತ್ತಿ ತೆಗೆದ. ಕೊಳೆತ ಸರಳು ಕತ್ತರಿಸಿ ಹೊಸದನ್ನು ಜೋಡಿಸಿದ, ಹೊಸ ರಿಂಗು ತೊಡಿಸಿದ. ಬ್ಲಾಕು ಕಟ್ಟಲು ಕೂತಾಗ ದುರಗವ್ವ ಅವನ ಕೈಯಿಂದ ಕಸಿದುಕೊಂಡಳು. "ಕಂಬಕ್ಕ ಎರಡು ಬೆರಳಲ್ಲ?" ಎಂದು ತನ್ನ ಬೆರಳಿಟ್ಟು ಅಳತೆ ನೋಡಿ, ಎಂಟೂ ಬ್ಲಾಕುಗಳನ್ನು ತಾನೇ ಬಿಗಿದಳು. ನಳ ಬಂದ ದಿನ ಕಾಂಕ್ರೀಟ್ ಹಾಕಿದರು. ಮೇಲೆ ಗೋಣಿತಟ್ಟು ಸುತ್ತಿ, ಇಪ್ಪತ್ತೊಂದು ದಿನ ನೀರುಣಿಸಬೇಕು, ಅಲ್ಲಿಯವರೆಗೆ ಯಾರೂ ತಟ್ಟಬಾರದು ಎಂದು ಮೈಲಾರಪ್ಪ ಅಪ್ಪಣೆ ಮಾಡಿದ. ಓಣಿಯ ಜನ ಹೋಗುವಾಗ ಬರುವಾಗ ಬೆರಳು ಮಡಚಿ ಹತ್ತಿರ ಬಂದು, ಅವನ ಮುಖ ನೋಡಿ, ಮುಂದೆ ಹೋಗುತ್ತಿದ್ದರು.

ಇಪ್ಪತ್ತೆರಡನೇ ದಿನ ಅವನಿಗೆ ಧಾರವಾಡದಲ್ಲಿ ಕೆಲಸವಿತ್ತು. ಇಡೀ ದಿನ ಕೈ ಕಿಸೆಯ ಕಡೆಗೇ ಹೋಗುತ್ತಿತ್ತು. ಸಂಜೆ ಬಸ್ಸಿಳಿದು ಲಗುಬಗೆಯಿಂದ ಓಣಿಗೆ ಬಂದು, ಗೋಣಿತಟ್ಟು ಸರಿಸಿ, ಸುತ್ತಿಗೆ ಎತ್ತಿದ.

ದುರಗವ್ವ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಅದನ್ನು ಜಜ್ಜುವ ಕಲ್ಲಿನ ಗುಂಡು.

"ಮುಂಜಾನಿನ ತಟ್ಟಿ ನೋಡೀನಿ," ಎಂದಳು. "ಛಲೋ ಐತಿ. ಕೈಕಾಲು ತೊಳ್ಕೊ, ಉಣ್ಣಾಕ ಬಾ."